ನಮ್ಮಂಥವರಿಗೆ ಮಂಗಳೂರಿಗಿಂತ ಕಾರವಾರವೇ ಸೈ

ಮೊದಲ ಡಿಸೆಂಬರ್‌ಗೆ ಮಂಗಳೂರು, ಮರುವರ್ಷ ಕಾರವಾರ. ಹೋದವರು ಎರಡೂ ಸಲ ಅದೇ ನಾಲ್ಕು ಮಂದಿ: ನಾನು, ಹೆಂಡತಿ, ಏಳು ವರ್ಷದ ಮಗ, ಮೊಣಕಾಲು ನೋವಿನ ಅವ್ವ. ಮೂರು ರಾತ್ರಿ ಉಳಿಯಬೇಕು, ಸಮುದ್ರದ ಮುಂದೆ ಸುಮ್ಮನೆ ಕೂರಬೇಕು, ಹೊಟ್ಟೆ ತುಂಬ ಮೀನು ತಿನ್ನಬೇಕು. ನಮ್ಮ ರಜೆ ಅಂದರೆ ಇಷ್ಟೇ. ಈ ಸಲಕ್ಕೂ ಕಾರವಾರದಲ್ಲೇ ರೂಮು ಹೇಳಿ ಆಗಿದೆ. ಹಾಗಾಗಿ ನನ್ನಿಂದ ನ್ಯಾಯದ ತಕ್ಕಡಿ ಅಪೇಕ್ಷಿಸಬೇಡಿ.

ಮಂಗಳೂರಿನಲ್ಲಿ ಎಡವಿದ್ದು ನಾನೇ. ಬಂದರಿನ ಊರು, ಹತ್ತು ಹೆಜ್ಜೆಗೆ ಸಮುದ್ರ ಸಿಗುತ್ತದೆ ಎಂದುಕೊಂಡು ಪೇಟೆ ನಡುವಿನ ಹಂಪನಕಟ್ಟೆಯಲ್ಲಿ ರೂಮು ಹಿಡಿದೆ. ಸಂಜೆ ಏರುರಸ್ತೆ, ಇಳಿರಸ್ತೆ ಎಲ್ಲ ಸುತ್ತಿದ ಮೇಲೆ ಅವ್ವ ಒಂದು ಅಂಗಡಿ ಕಟ್ಟೆ ಮೇಲೆ ಕೂತು, "ಸಮುದ್ರ ಎಲ್ಲೈತೋ ತಮ್ಮಾ?" ಅಂದಳು. ಪೇಟೆಗೂ ಕಡಲಿಗೂ ನಡುವೆ ಗುರುಪುರ ನದಿ ಇದೆ. ಅದು ನೇರ ಕಡಲಿಗೆ ಬೀಳದೆ ದಡದ ಗುಂಟ ದಕ್ಷಿಣಕ್ಕೆ ಹರಿಯುತ್ತದೆ. ಅದರಾಚೆಯ ಮರಳಪಟ್ಟಿಯೇ ತಣ್ಣೀರುಬಾವಿ.

ಮರುದಿನ ಆಟೋ ಹಿಡಿದು ಸುಲ್ತಾನ್ ಬತ್ತೇರಿಗೆ ಹೋಗಿ, ಅಲ್ಲಿಂದ ದೋಣಿಯಲ್ಲಿ ನದಿ ದಾಟಿದೆವು. ಮಗನಿಗೆ ಆ ನಾಲ್ಕು ನಿಮಿಷವೇ ದೊಡ್ಡ ಜಾತ್ರೆ. ಸೂರ್ಯ ಮುಳುಗುವುದನ್ನು ಪೂರ್ತಿ ನೋಡಿ, ಚುರುಮುರಿ ತಿಂದು, ಆರಾಮಾಗಿ ವಾಪಸ್ ಬಂದರೆ ಕೊನೆಯ ದೋಣಿ ಹೋಗಿಯಾಗಿತ್ತು. ಎದುರು ದಡದ ದೀಪಗಳು ಕಾಣುತ್ತಿವೆ, ಕೂಗಿದರೆ ಕೇಳುವಷ್ಟು ಹತ್ತಿರ, ಆದರೆ ಹೋಗುವ ದಾರಿ ಮಾತ್ರ ಕೂಳೂರು ಸೇತುವೆ ಸುತ್ತಿಕೊಂಡು. ಕತ್ತಲಲ್ಲಿ ಆಟೋ ಸಿಗಲು ಮುಕ್ಕಾಲು ಗಂಟೆ ಬೇಕಾಯಿತು. ಕೊಟ್ಟ ದುಡ್ಡಿನಲ್ಲಿ ನಾಲ್ವರ ಮೀನೂಟ ಮುಗಿಯುತ್ತಿತ್ತು. ಕೊನೆಯ ದೋಣಿ ಎಷ್ಟು ಹೊತ್ತಿಗೆ ಎಂದು ಹೋಗುವಾಗಲೇ ಕೇಳಿಕೊಳ್ಳಿ. ನಾನು ಕೇಳಲಿಲ್ಲ, ಅವ್ವ ಇವತ್ತಿಗೂ ಅದನ್ನು ಬಿಟ್ಟಿಲ್ಲ.

ಪಣಂಬೂರು ಒಳ್ಳೆಯ ಬೀಚೇ. ದೂರದಲ್ಲಿ ಲಂಗರು ಹಾಕಿದ ಹಡಗುಗಳನ್ನು ಎಣಿಸುತ್ತಾ ಕೂರಬಹುದು. ಆದರೆ ಅದಕ್ಕೂ ಬಸ್ಸು ಹತ್ತಲೇಬೇಕು. ಮೂರು ದಿನದಲ್ಲಿ ಸಮುದ್ರ ಕಂಡಿದ್ದು ಎರಡೇ ಸಲ.

ಊಟದಲ್ಲಿ ಮಂಗಳೂರನ್ನು ಮೀರಿಸುವ ಮಾತಿಲ್ಲ: ನೀರುದೋಸೆ, ಕೋರಿ ರೊಟ್ಟಿ, ಗೋಳಿಬಜೆ, ಐಸ್‌ಕ್ರೀಮು-ಹಣ್ಣು ಬೆರೆಸಿದ ಗಡ್‌ಬಡ್. ಅಲೋಶಿಯಸ್ ಚಾಪೆಲ್‌ನ ಗೋಡೆ, ಮಾಡು ಎಲ್ಲ ಕಡೆ ಇಟಲಿಯ ಆಂಟೋನಿಯೊ ಮೊಸ್ಕೆನಿ ಬರೆದ ಚಿತ್ರಗಳನ್ನು ಕತ್ತೆತ್ತಿ ನೋಡಿ ನೋಡಿ ಕುತ್ತಿಗೆ ನೋವು ಬಂತು. ಬಂದರೂ ಬೇಜಾರಿಲ್ಲ.

ಕಾರವಾರದಲ್ಲಿ ಹೆದ್ದಾರಿ ದಾಟಿದರೆ ಮರಳು. ಅವ್ವ ದಿನಕ್ಕೆ ಮೂರು ಸಲ ಒಬ್ಬಳೇ ಹೋಗಿ ಬಂದಳು. ಕೊಲ್ಲಿಯಾದ್ದರಿಂದ ಅಲೆಗಳ ಅಬ್ಬರವೂ ಕಮ್ಮಿ, ಎದುರಿಗೆ ನಡುಗಡ್ಡೆಗಳು. ಬೀಚಿಗೆ ರವೀಂದ್ರನಾಥ ಟ್ಯಾಗೋರರ ಹೆಸರು. ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ ಇಪ್ಪತ್ತೆರಡರ ತಮ್ಮ ಬಂದು ಉಳಿದು ನಾಟಕವೊಂದನ್ನು ಬರೆದಿದ್ದರಂತೆ. ಮಗನಿಗೆ ಟ್ಯಾಗೋರ್ ಬೇಕಿರಲಿಲ್ಲ, ಮರಳಿನ ಮೇಲೆ ನಿಲ್ಲಿಸಿರುವ ಯುದ್ಧನೌಕೆ ಚಪಲ್ ಸಾಕಾಯಿತು. ಎರಡು ಸಲ ಟಿಕೆಟ್ ತೆಗೆಸಿದ.

ಕೊರತೆ ಇಲ್ಲದಿಲ್ಲ. ರಾತ್ರಿ ಊಟವಾದರೆ ಊರೇ ಮಲಗಿದ ಹಾಗೆ. ರೈಲಿನಲ್ಲಿ ಬರುವವರಿಗೆ ನಿಲ್ದಾಣ ಇರುವುದು ಊರಾಚೆ ಶಿರವಾಡದಲ್ಲಿ, ಅಲ್ಲಿಂದ ಮತ್ತೆ ಆಟೋ ಚೌಕಾಸಿ. ನಮಗೆ ಆ ತಾಪತ್ರಯವಿಲ್ಲ. ಹುಬ್ಬಳ್ಳಿಯಲ್ಲಿ ಬೆಳಗಿನ ಬಸ್ ಹತ್ತಿದರೆ ಯಲ್ಲಾಪುರದಲ್ಲಿ ಚಹಾ, ಅರಬೈಲ್ ಘಾಟಿನಲ್ಲಿ ಒಂದು ನಿದ್ದೆ, ಅಂಕೋಲೆ ದಾಟಿ ಮಧ್ಯಾಹ್ನದ ಊಟಕ್ಕೆ ಕಾರವಾರ. ಮಂಗಳೂರಿಗೆ ಒಂದು ಇಡೀ ರಾತ್ರಿ ಹೋಗಿತ್ತು. ಲಾಡ್ಜಿನ ಬಾಡಿಗೆ ಎರಡೂ ಕಡೆ ಹೆಚ್ಚುಕಮ್ಮಿ ಒಂದೇ, ಉಳಿದದ್ದು ಆಟೋ ದುಡ್ಡು. ಅದರಲ್ಲಿ ಒಂದು ಹೊತ್ತು ಹೆಚ್ಚಿಗೆ ಬಂಗಡೆ ಫ್ರೈ ತಿಂದೆವು.

ಈ ಸಲದ ರೂಮಿನ ವಿಷಯ ಹೇಳಿದಾಗ ಮಗನದ್ದು ಒಂದೇ ತಕರಾರು: "ಅಲ್ಲಿ ಮಂಗ್ಳೂರಿನಂಥಾ ಗಡ್‌ಬಡ್ ಸಿಗಂಗಿಲ್ಲಲ್ಲ ಪಪ್ಪಾ."