ಫ್ರೇಸಲ್ ವರ್ಬ್ ಕಲಿಯೋಕೆ ಆಂಕಿ: ವರ್ಷಗಟ್ಟಲೆ ಬಳಸಿದ ಮೇಲೆ ನನ್ನ ಅಭಿಪ್ರಾಯ

ಆಂಕಿ ಅಂದರೆ ಕಾರ್ಡುಗಳನ್ನು ಮತ್ತೆ ಮತ್ತೆ ತೋರಿಸಿ ನೆನಪಿನಲ್ಲಿ ಉಳಿಸುವ ಆ್ಯಪ್. 'ಪಿಕ್ ಅಪ್', 'ಪುಟ್ ಆಫ್' ಥರ ಕ್ರಿಯಾಪದಕ್ಕೆ ಸಣ್ಣ ಪದ ಸೇರಿ ಬೇರೆ ಅರ್ಥ ಕೊಡುವ ಫ್ರೇಸಲ್ ವರ್ಬ್‌ಗಳನ್ನು ನಾನು ಕಲಿತದ್ದು ಇದರಲ್ಲೇ. ನೋಡೋಕೆ ಚೆನ್ನಾಗಿಲ್ಲ. ಬಹುಮಾನ ಇಲ್ಲ, ಶಭಾಶ್ ಅನ್ನೋ ಗೊಂಬೆಯೂ ಇಲ್ಲ. 2006ರಲ್ಲಿ ಬಂದ ಸಾಫ್ಟ್‌ವೇರ್, ವಯಸ್ಸು ಮುಖದಲ್ಲೇ ಕಾಣುತ್ತದೆ. ಆದರೂ ಇಂಗ್ಲಿಷ್ ಕಲಿಯೋಕೆ ಹಾಕಿಕೊಂಡ ಆ್ಯಪ್‌ಗಳಲ್ಲಿ ನನ್ನ ಫೋನಿನಲ್ಲಿ ಉಳಿದುಕೊಂಡಿರುವುದು ಇದೊಂದೇ.

ಕಾರ್ಡಿನ ಮುಂದೆ ಪ್ರಶ್ನೆ, ಹಿಂದೆ ಉತ್ತರ. ಗೊತ್ತಿದ್ದರೆ 'ಗುಡ್' ಒತ್ತಬೇಕು, ಇಲ್ಲದಿದ್ದರೆ 'ಅಗೇನ್'. ಗೊತ್ತಿರುವುದು ವಾರ, ತಿಂಗಳು ಬಿಟ್ಟು ಬರುತ್ತದೆ. ಮರೆತದ್ದು ಬೇಗನೆ ಬಂದು ತಲೆ ತಿನ್ನುತ್ತದೆ. ಅಷ್ಟೇ.

ಬೇರೆಯವರು ಮಾಡಿಟ್ಟ ಕಾರ್ಡುಗಳು ಪುಕ್ಕಟೆ ಸಿಗುತ್ತವೆ. ನಾನು ಇಳಿಸಿಕೊಂಡಿದ್ದರಲ್ಲಿ 'ಪಿಕ್ ಅಪ್' ಅಂತ ಒಂದು ಕಾರ್ಡು, ಹಿಂದೆ ನಾಲ್ಕು ಅರ್ಥ: ಕೆಳಗಿಂದ ಎತ್ತೋದು, ಮಗುವನ್ನು ಶಾಲೆಯಿಂದ ಕರೆತರೋದು, ಭಾಷೆಯನ್ನು ಕೇಳಿ ಕೇಳಿ ಕಲಿಯೋದು, ವ್ಯಾಪಾರ ಚುರುಕಾಗೋದು. ಎರಡು ನೆನಪಾಗಿ ಎರಡು ಮರೆತರೆ ಯಾವ ಬಟನ್ ಒತ್ತಬೇಕು? ಒಂದು ಅರ್ಥಕ್ಕೆ ಒಂದು ಕಾರ್ಡು ಇರಬೇಕು, ಅದೂ ಪೂರ್ತಿ ವಾಕ್ಯದಲ್ಲಿ. ನನ್ನದೊಂದು ಹೀಗಿದೆ: 'ದೇ ಆಫರ್ಡ್ ಮಿ ದ ಜಾಬ್, ಬಟ್ ಐ ಟರ್ನ್ಡ್ ಇಟ್ ___.' ಉತ್ತರ 'ಡೌನ್', ಅಂದರೆ ಬೇಡ ಅಂದೆ. 'ಇಟ್' ಮಧ್ಯದಲ್ಲೇ ಬರಬೇಕು, 'ಟರ್ನ್ಡ್ ಡೌನ್ ಇಟ್' ತಪ್ಪು. 'ಲುಕ್ ಆಫ್ಟರ್ ಇಟ್' (ಅದನ್ನು ನೋಡಿಕೊಳ್ಳೋದು) ಮಾತ್ರ ಹಾಗೆ ಒಡೆಯಲ್ಲ. ಈ ವ್ಯಾಕರಣವನ್ನು ನಾನು ಬಾಯಿಪಾಠ ಮಾಡಲೇ ಇಲ್ಲ, ವಾಕ್ಯಗಳೇ ಕೂರಿಸಿಬಿಟ್ಟವು.

ಒಮ್ಮೆ ಕಲಿತ ಕಾರ್ಡನ್ನು ಎಂಟು ಸಲ ಮರೆತರೆ ಆಂಕಿ ಅದಕ್ಕೆ 'ಲೀಚ್', ಅಂದರೆ ಜಿಗಣೆ, ಅಂತ ಚೀಟಿ ಅಂಟಿಸುತ್ತದೆ. ನನ್ನ ಜಿಗಣೆಗಳು 'ಪುಟ್ ಅಪ್ ವಿತ್' (ಸಹಿಸಿಕೊಳ್ಳೋದು), 'ಕೀಪ್ ಅಪ್ ವಿತ್' (ಹಿಂದೆ ಬೀಳದೆ ಜೊತೆಗೆ ಸಾಗೋದು), 'ಕಮ್ ಅಪ್ ವಿತ್' (ಉಪಾಯ ಹುಡುಕೋದು). ಮೂರೂ ಒಂದೇ ಥರ ಕೇಳಿಸುತ್ತವೆ, ಅಲ್ವಾ. 'ಪುಟ್ ಅಪ್ ವಿತ್' ಅನ್ನು ಮೇಲಿನ ಮನೆಯವರ ಡ್ರಿಲ್ಲಿಂಗ್ ಸದ್ದು ಸಹಿಸುವ ವಾಕ್ಯಕ್ಕೆ ಹಾಕಿದ ಮೇಲೆ ಅದು ಅಲುಗಾಡಿಲ್ಲ.

ಈಡಿಯಮ್‌ಗಳಿಗೆ, ಅಂದರೆ ನುಡಿಗಟ್ಟುಗಳಿಗೆ, ಇಷ್ಟು ಕಷ್ಟ ಬೇಡ. 'ಬೈಟ್ ದ ಬುಲೆಟ್' (ಹಲ್ಲು ಕಚ್ಚಿ ಕಷ್ಟ ಎದುರಿಸೋದು) ಚಿತ್ರದ ಹಾಗೆ ತಲೆಯಲ್ಲಿ ನಿಂತುಬಿಡುತ್ತದೆ. ಆದರೆ ಆಫೀಸ್ ಕಾಲ್‌ಗಳಲ್ಲಿ ನನಗೆ ಜಾಸ್ತಿ ಕೇಳಿಸೋದು 'ಪುಟ್ ಆಫ್', 'ಕಾಲ್ ಆಫ್', 'ಪುಶ್ ಬ್ಯಾಕ್' ಥರದವೇ. ಮೀಟಿಂಗ್ ಮುಂದಕ್ಕೆ ಹೋಯಿತೋ ರದ್ದಾಯಿತೋ ಅನ್ನೋದು ತಿಳಿಯಲೇಬೇಕಲ್ಲ! ನಮ್ಮಲ್ಲಿ ಪದವಿ ಮುಗಿಸಿದ್ದಕ್ಕೆ 'ಪಾಸ್ಡ್ ಔಟ್' ಅಂತೀವಿ, ಇಂಗ್ಲೆಂಡಿನವರಿಗೆ ಅದು ಮೂರ್ಛೆ ಹೋದ ಹಾಗೆ ಕೇಳಿಸೀತು. ಅದಕ್ಕೂ ಒಂದು ಕಾರ್ಡು ಮಾಡಿಟ್ಟಿದ್ದೇನೆ.

ಕೊರತೆ ಅಂದರೆ, ಇದು ಕಿವಿಯನ್ನು ಚುರುಕು ಮಾಡಿತೇ ಹೊರತು ನಾಲಿಗೆಯನ್ನಲ್ಲ. ಕೇಳಿದರೆ ಥಟ್ಟನೆ ಅರ್ಥವಾಗುತ್ತದೆ, ಮಾತಾಡುವಾಗ ಈಗಲೂ 'ಪುಟ್ ಆಫ್' ಬದಲು 'ಪೋಸ್ಟ್‌ಪೋನ್' ಅಂತಲೇ ಬಾಯಿಗೆ ಬರುತ್ತದೆ. ಇನ್ನೊಂದು, ದಿನಕ್ಕೆ 20 ಹೊಸ ಕಾರ್ಡು ಅಂತ ಮೊದಲೇ ಹೊಂದಿಸಿರುತ್ತಾರೆ. ಕೆಲಸಕ್ಕೆ ಹೋಗುವವರಿಗೆ ಅದು ಜಾಸ್ತಿ. ಐದಕ್ಕೆ ಇಳಿಸಿ. ಇಲ್ಲದಿದ್ದರೆ ಹಬ್ಬಕ್ಕೆ ಊರಿಗೆ ಹೋಗಿ ಬರುವಷ್ಟರಲ್ಲಿ ರಾಶಿ ಬಿದ್ದಿರುತ್ತದೆ. ಸೆಟ್ಟಿಂಗ್ಸ್‌ನಲ್ಲಿ 'ಎಫ್‌ಎಸ್‌ಆರ್‌ಎಸ್' ಆನ್ ಮಾಡಿಕೊಳ್ಳಿ. ಯಾವ ಕಾರ್ಡು ಯಾವಾಗ ಬರಬೇಕು ಅಂತ ನಿರ್ಧರಿಸುವ, 2023ರಲ್ಲಿ ಬಂದ ಈ ಹೊಸ ಲೆಕ್ಕಾಚಾರದಲ್ಲಿ ಗೊತ್ತಿರುವ ಕಾರ್ಡುಗಳ ಕಾಟ ನನಗಂತೂ ಕಡಿಮೆಯಾಗಿದೆ.

ಕಂಪ್ಯೂಟರ್‌ಗೆ ಪುಕ್ಕಟೆ. ಆಂಡ್ರಾಯ್ಡ್‌ನಲ್ಲಿ 'ಆಂಕಿಡ್ರಾಯ್ಡ್', ಅದೂ ಪುಕ್ಕಟೆ. ಐಫೋನಿನ 'ಆಂಕಿಮೊಬೈಲ್'ಗೆ ಒಮ್ಮೆ ದುಡ್ಡು ಕೊಡಬೇಕು. ಇದೇ ಹೆಸರಿಟ್ಟುಕೊಂಡ ನಕಲಿ ಆ್ಯಪ್‌ಗಳೂ ಇವೆ, ಇಳಿಸಿಕೊಳ್ಳುವ ಮುಂಚೆ ಹೆಸರು ಸರಿಯಾಗಿ ಓದಿ.