ಒಂದೇ ಮುಚ್ಚಳ, ಮೂರು ಕ್ಯಾಡ್ ತಂತ್ರಾಂಶಗಳು: ಚಲನೆ ಮತ್ತು ತೂಕದ ಹೋಲಿಕೆ

ಯಂತ್ರವೊಂದರ ಮುಚ್ಚಳಕ್ಕೆ ಗ್ಯಾಸ್ ಸ್ಪ್ರಿಂಗ್ (ಮುಚ್ಚಳ ಎತ್ತಲು ನೆರವಾಗುವ, ಅನಿಲ ತುಂಬಿದ ಸಿಲಿಂಡರ್ ಮತ್ತು ರಾಡ್) ಆರಿಸಬೇಕಿತ್ತು. 900 × 600 ಮಿ.ಮೀ. ಅಳತೆಯ, 2 ಮಿ.ಮೀ. ದಪ್ಪದ ಉಕ್ಕಿನ ತಗಡು. ಹಿಡಿಕೆಯ ಬದಿಗೆ ಕಿಟಕಿ ಕತ್ತರಿಸಿ 5 ಮಿ.ಮೀ. ದಪ್ಪದ ಪಾಲಿಕಾರ್ಬೊನೇಟ್ ಹಾಳೆ ಕೂರಿಸಿದ್ದೆ. ಸ್ಪ್ರಿಂಗಿನ ಬಲ ಗೊತ್ತಾಗಬೇಕಾದರೆ ಮುಚ್ಚಳ ಎಷ್ಟು ಡಿಗ್ರಿ ತೆರೆಯುತ್ತದೆ, ಅದರ ತೂಕ ಹಿಂಜಿನಿಂದ ಎಷ್ಟು ದೂರದಲ್ಲಿ ಬೀಳುತ್ತದೆ ಎಂಬ ಎರಡೂ ಸರಿಯಾಗಿ ಸಿಗಬೇಕು. ಹಾಗಾಗಿ ಇದೇ ಅಸೆಂಬ್ಲಿಯನ್ನು (ಭಾಗಗಳ ಜೋಡಣೆಯನ್ನು) ಸಾಲಿಡ್‌ವರ್ಕ್ಸ್, ಫ್ಯೂಷನ್, ಫ್ರೀಕ್ಯಾಡ್ ಎಂಬ ಮೂರು ಕ್ಯಾಡ್ (ಕಂಪ್ಯೂಟರಿನಲ್ಲಿ ವಿನ್ಯಾಸ ಮಾಡುವ) ತಂತ್ರಾಂಶಗಳಲ್ಲೂ ಕಟ್ಟಿ ನೋಡಿದೆ.

ಮೊದಲು ಚಲನೆ. ಬಿಡಿ ಭಾಗಕ್ಕೆ ಆರು ಬಗೆಯ ಚಲನೆಗಳಿರುತ್ತವೆ: ಮೂರು ದಿಕ್ಕಿಗೆ ಸರಿಯುವುದು, ಮೂರು ಅಕ್ಷಗಳಲ್ಲಿ ತಿರುಗುವುದು. ಸಾಲಿಡ್‌ವರ್ಕ್ಸ್‌ನಲ್ಲಿ ಮೇಟ್‌ಗಳನ್ನು (ಭಾಗಗಳನ್ನು ಒಂದಕ್ಕೊಂದು ಕಟ್ಟುವ ಸಂಬಂಧಗಳನ್ನು) ಹಾಕುತ್ತಾ ಅವನ್ನು ಕಳೆಯುತ್ತಾ ಹೋಗುತ್ತೇವೆ. ಹಿಂಜಿನ ಪಿನ್ನಿಗೆ ಕನ್ಸೆಂಟ್ರಿಕ್ (ಎರಡರ ಅಕ್ಷವೂ ಒಂದೇ) ಕೊಟ್ಟರೆ ನಾಲ್ಕು ಹೋಗಿ, ತಿರುಗುವುದು ಮತ್ತು ಪಕ್ಕಕ್ಕೆ ಜಾರುವುದು ಉಳಿಯುತ್ತವೆ. ಪಕ್ಕದ ಮುಖಗಳಿಗೆ ಕೋಇನ್ಸಿಡೆಂಟ್ (ಒಂದೇ ಸಮತಲ) ಕೊಟ್ಟಾಗ ಜಾರುವುದೂ ನಿಲ್ಲುತ್ತದೆ. ಫ್ಯೂಷನ್‌ನಲ್ಲಿ ಲೆಕ್ಕ ತಿರುವುಮುರುವು: ಯಾವ ಚಲನೆ ಬೇಕೆಂದು ಮೊದಲೇ ಹೇಳಬೇಕು. ಒಂದೇ ಅಕ್ಷದಲ್ಲಿ ತಿರುಗುವ ರೆವಲ್ಯೂಟ್ ಜಾಯಿಂಟ್ ಒಂದನ್ನು ಆರಿಸಿ, 0ರಿಂದ 80 ಡಿಗ್ರಿ ಮಿತಿ ಕೊಟ್ಟರೆ ಹಿಂಜು ಮುಗಿಯಿತು. ಮರುದಿನ ಕಡತ ತೆರೆದಾಗಲೂ ಏನು ಮಾಡಿದ್ದೆನೆಂದು ಒಂದೇ ನೋಟಕ್ಕೆ ತಿಳಿಯುತ್ತದೆ. ಚಲನೆಯ ಮಟ್ಟಿಗೆ ನನ್ನ ಮತ ಫ್ಯೂಷನ್‌ಗೇ.

ತೊಡಕಾದದ್ದು ಗ್ಯಾಸ್ ಸ್ಪ್ರಿಂಗ್ ಸೇರಿಸುವಾಗ. ಚೌಕಟ್ಟು, ಸಿಲಿಂಡರ್, ರಾಡ್, ಮುಚ್ಚಳ ಸೇರಿ ಒಂದು ಸುತ್ತು ಪೂರ್ತಿಯಾಗುತ್ತದೆ. ಎರಡೂ ತುದಿಗೆ ಪಿನ್ನಿನ ಸಂಬಂಧವನ್ನೇ ಕೊಟ್ಟಿದ್ದೆ; ಬ್ರಾಕೆಟ್ ಅರ್ಧ ಮಿ.ಮೀ. ಪಕ್ಕಕ್ಕೆ ಸರಿದದ್ದೇ ತಡ, ಸಾಲಿಡ್‌ವರ್ಕ್ಸ್‌ನ ಮೇಟ್ ಪಟ್ಟಿಯಲ್ಲಿ ದೋಷದ ಕೆಂಪು ಗುರುತುಗಳು ಮೂಡಿದವು. ಎರಡು ತುದಿಗೂ ಬಾಲ್ (ಎಲ್ಲ ಕಡೆಗೂ ತಿರುಗುವ ಗುಂಡು ಕೀಲು), ನಡುವೆ ಸಿಲಿಂಡ್ರಿಕಲ್ (ಜಾರುತ್ತಲೂ ಸುತ್ತುತ್ತಲೂ ಇರುವ) ಸಂಬಂಧ ಕೊಟ್ಟ ಮೇಲೆ ಎಲ್ಲವೂ ಸಡಿಲವಾಗಿ ಓಡಾಡಿತು. ಉಳಿಯುವುದು ಮುಚ್ಚಳದ ತಿರುಗಾಟ ಮತ್ತು ಸಿಲಿಂಡರ್, ರಾಡ್‌ಗಳು ತಮ್ಮ ಅಕ್ಷದಲ್ಲಿ ಸುತ್ತುವುದು, ಅಷ್ಟೇ. ಅಂಗಡಿಯಲ್ಲಿ ಸಿಗುವ ಎಷ್ಟೋ ಗ್ಯಾಸ್ ಸ್ಪ್ರಿಂಗ್‌ಗಳ ತುದಿಯಲ್ಲಿ ಗುಂಡು ಕೀಲೇ ಇರುತ್ತದೆ. ಮಾದರಿಯೂ ವಸ್ತುವಿನಂತೆಯೇ ಇರಬೇಕಿತ್ತು.

ಇನ್ನು ತೂಕ, ನಾನು ಹೆಚ್ಚು ಹೊತ್ತು ಕಳೆದದ್ದು ಇಲ್ಲೇ. ವಸ್ತು ಯಾವುದೆಂದು ಹೇಳದಿದ್ದರೆ ಸಾಲಿಡ್‌ವರ್ಕ್ಸ್ ನೀರಿನ ಸಾಂದ್ರತೆಯನ್ನು, ಎಂದರೆ ಘನ ಸೆಂ.ಮೀ.ಗೆ 1 ಗ್ರಾಂ ಹಿಡಿಯುತ್ತದೆ. ಫ್ಯೂಷನ್ ಎಲ್ಲವನ್ನೂ ಉಕ್ಕು ಎಂದು 7.85 ಗ್ರಾಂ ಹಿಡಿಯುತ್ತದೆ. ವಸ್ತು ಕೊಡದೆ ಬಿಟ್ಟಾಗ ಇದೇ ಮುಚ್ಚಳ ಸಾಲಿಡ್‌ವರ್ಕ್ಸ್‌ನಲ್ಲಿ 1.3 ಕೆ.ಜಿ., ಫ್ಯೂಷನ್‌ನಲ್ಲಿ 10.3 ಕೆ.ಜಿ. ತೋರಿಸಿತು. ಉಕ್ಕು, ಪಾಲಿಕಾರ್ಬೊನೇಟ್ ಎರಡನ್ನೂ ಸರಿಯಾಗಿ ಕೊಟ್ಟ ಮೇಲೆ ಬಂದದ್ದು 7.96 ಕೆ.ಜಿ. ಬಣ್ಣ, ತಿರುಪು ಸೇರಿ ತಕ್ಕಡಿಯಲ್ಲಿ 8.2 ತೂಗಿತು.

1.3 ಕೆ.ಜಿ. ಎಂದರೆ ಅಷ್ಟಗಲದ ಉಕ್ಕಿನ ತಗಡಿಗೆ ಸಾಧ್ಯವೇ ಇಲ್ಲ, ಕಣ್ಣಿಗೆ ಹೊಡೆಯುತ್ತದೆ. 10.3 ಹಾಗಲ್ಲ, ಇದ್ದರೂ ಇರಬಹುದು ಎನಿಸುತ್ತದೆ. ಆದರೆ ಕಿಟಕಿಯೂ ಉಕ್ಕಾಗಿ, ಗುರುತ್ವ ಕೇಂದ್ರ ಹಿಂಜಿನಿಂದ 292 ಮಿ.ಮೀ. ಇರುವಲ್ಲಿ 321ಕ್ಕೆ ಸರಿದಿತ್ತು. ಮುಚ್ಚಳ ಮಟ್ಟಸವಾಗಿರುವಾಗ ಹಿಂಜಿನ ಮೇಲಿನ ತಿರುಚು ಬಲ 22.8 ನ್ಯೂಟನ್-ಮೀಟರ್ ಬದಲು 32.5. ಆ ಲೆಕ್ಕದಲ್ಲಿ ಸ್ಪ್ರಿಂಗ್ ತಂದಿದ್ದರೆ ಹಿಡಿಕೆ ಕೆಲಸಗಾರನ ಗದ್ದಕ್ಕೇ ಬಡಿಯುತ್ತಿತ್ತು. ಹಾಗಾಗಿ ಫ್ಯೂಷನ್‌ನಲ್ಲಿ ಪ್ರತಿಯೊಂದು ಭಾಗದ ವಸ್ತುವನ್ನೂ ತೆರೆದು ನೋಡದೆ ನಾನು ತೂಕ ಬರೆದುಕೊಳ್ಳುವುದಿಲ್ಲ. ಕೊಂಡು ತಂದ ಭಾಗಗಳಿಗೆ ತಕ್ಕಡಿಯ ತೂಕವನ್ನೇ ನೇರವಾಗಿ ತುಂಬುವ ಅವಕಾಶ ಸಾಲಿಡ್‌ವರ್ಕ್ಸ್‌ನಲ್ಲಿದೆ. ಒಳಗೆ ಪೊಳ್ಳಾಗಿರುವ ಸಿಲಿಂಡರನ್ನು ಗಟ್ಟಿ ಕಂಬಿಯಂತೆ ಬಿಡಿಸಿದ್ದರೂ ಆಗ ಲೆಕ್ಕ ಕೆಡುವುದಿಲ್ಲ. ಬೀಳುವ, ಬಡಿಯುವ ಚಲನೆಗೆ ತೂಕವನ್ನು ಸೇರಿಸಿ ನೋಡುವ ಸೌಲಭ್ಯವೂ ಅದರ ಮೋಷನ್ ಸ್ಟಡಿಯಲ್ಲಿದೆ. ಫ್ಯೂಷನ್‌ನ ಮೋಷನ್ ಸ್ಟಡಿ ಬರೀ ಚಲನೆಯನ್ನು ತೋರಿಸುತ್ತದೆ.

ಫ್ರೀಕ್ಯಾಡ್‌ಗೆ 2024ರ ನವೆಂಬರಿನಲ್ಲಿ ಬಂದ 1.0 ಆವೃತ್ತಿಯಿಂದ ತನ್ನದೇ ಅಸೆಂಬ್ಲಿ ಸೌಲಭ್ಯ ಸಿಕ್ಕಿತು. ಮೊದಲು ಅದಕ್ಕಾಗಿ ಆಡ್-ಆನ್ (ಬೇರೆಯಾಗಿ ಸೇರಿಸುವ ತಂತ್ರಾಂಶ) ಹಾಕಿಕೊಳ್ಳಬೇಕಿತ್ತು. ಜಾಯಿಂಟ್‌ಗಳು ಫ್ಯೂಷನ್‌ನವನ್ನೇ ಹೋಲುತ್ತವೆ, ಹಿಂಜು ಹತ್ತು ನಿಮಿಷದಲ್ಲಿ ತಿರುಗಿತು. ತೂಕಕ್ಕೆ ಮಾತ್ರ ಭಾಗಗಳ ಘನಗಾತ್ರ ತೆಗೆದು, ಸಾಂದ್ರತೆಯಿಂದ ಗುಣಿಸಿ ಹಾಳೆಯ ಮೇಲೆ ಕೂಡಿಸಿದೆ. ಎರಡೇ ಭಾಗಗಳಾದ್ದರಿಂದ ಕಷ್ಟವೆನಿಸಲಿಲ್ಲ. ಇಪ್ಪತ್ತಿದ್ದರೆ ಸಾಲಿಡ್‌ವರ್ಕ್ಸ್‌ಗೇ ಹೋಗುತ್ತೇನೆ.