ಪೆಟ್ಟಿಗೆ ಹಳೆಯದು, ಚಿತ್ರ ಹೊಸದು

85 ಪೌಂಡ್ ಕೊಟ್ಟು ಟೋಪಿ ಹಾಕಿಸಿಕೊಂಡಿದ್ದೇನೆ. ಹಳೆಯ ಸೂಜಿಪೆಟ್ಟಿಗೆಯ ಚಿತ್ರಗಳ ಹುಚ್ಚು ಇರುವವರು ದಯವಿಟ್ಟು ಓದಿ.

ನಾನಿರುವುದು ಬರ್ಮಿಂಗ್‌ಹ್ಯಾಮ್‌ನಲ್ಲಿ. ಇಲ್ಲಿಗೆ ಹತ್ತಿರದ ರೆಡಿಚ್ ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಸೂಜಿಯ ಊರು. ದೇಶದೇಶಕ್ಕೆ ಸೂಜಿ ಹೋಗುತ್ತಿದ್ದದ್ದು ಅಲ್ಲಿಂದಲೇ. ಆ ಸೂಜಿ ತುಂಬುವ ರಟ್ಟಿನ ಪೆಟ್ಟಿಗೆಯ ಮುಚ್ಚಳಕ್ಕೆ ಅಂಟಿಸಲೆಂದೇ ಪುಟಾಣಿ ಬಣ್ಣದ ಚಿತ್ರ ಅಚ್ಚು ಹಾಕುತ್ತಿದ್ದರು. ಕೆಲವು ಬೆಂಕಿಪೊಟ್ಟಣಕ್ಕಿಂತ ದೊಡ್ಡದಿರುವುದಿಲ್ಲ. ಇದರಲ್ಲಿ ದೊಡ್ಡ ಹೆಸರು ಜಾರ್ಜ್ ಬ್ಯಾಕ್ಸ್‌ಟರ್. ಬಣ್ಣದ ಚಿತ್ರ ಅಚ್ಚು ಹಾಕುವ ತನ್ನ ವಿಧಾನಕ್ಕೆ 1835ರಲ್ಲಿ ಪೇಟೆಂಟ್ ಪಡೆದವನು. ಮೊದಲು ಲೋಹದ ತಗಡಿನಿಂದ ಗೆರೆ, ನೆರಳು. ಅದರ ಮೇಲೆ ಒಂದೊಂದು ಬಣ್ಣಕ್ಕೂ ಒಂದೊಂದು ಅಚ್ಚು, ಅದೂ ಎಣ್ಣೆ ಬಣ್ಣದಲ್ಲಿ. ಒಂದು ಸೂಜಿ ಪೊಟ್ಟಣಕ್ಕೆ ಇಷ್ಟೆಲ್ಲ! ನಮ್ಮಮ್ಮನ ಸೂಜಿ ದಾರ ಜೀವಮಾನವಿಡೀ ಬಿಸ್ಕತ್ತಿನ ಡಬ್ಬಿಯಲ್ಲೇ ಇತ್ತು.

ಹಳೆ ಸಾಮಾನಿನ ಸಂತೆಯೊಂದರಲ್ಲಿ ಅಂಥ ಪೆಟ್ಟಿಗೆ ಕಂಡಿತು. ಅಂಚು ಸವೆದಿತ್ತು, ಒಳಗಿನ ಕಾಗದ ಕಂದು ತಿರುಗಿತ್ತು. ಮುಚ್ಚಳದ ಮೇಲೆ ರಾಣಿ, ಕೆಂಪು ಪರದೆ. ಸುತ್ತ ಬಿಗಿಯಾಗಿ ಪ್ಲಾಸ್ಟಿಕ್ ಸುತ್ತಿದ್ದರು. ‘ಬಿಚ್ಚಬೇಡಿ, ಬಣ್ಣ ಏಳುತ್ತೆ. ಬ್ಯಾಕ್ಸ್‌ಟರ್‌ದು’ ಅಂದ ವ್ಯಾಪಾರಿ. ನಾನೂ ತಲೆಯಾಡಿಸಿದೆ. ಭೂತಗನ್ನಡಿ ಬ್ಯಾಗಿನಲ್ಲೇ ಇತ್ತು, ಅದಕ್ಕೇ ಜಾಸ್ತಿ ಹೊಟ್ಟೆ ಉರಿಯುವುದು.

ಮನೆಗೆ ಬಂದು ಪ್ಲಾಸ್ಟಿಕ್ ಬಿಚ್ಚಿ ಹತ್ತು ಪಟ್ಟಿನ ಕನ್ನಡಿ ಹಿಡಿದೆ. ರಾಣಿಯ ಕೆನ್ನೆಯ ತುಂಬ ರಂಗೋಲಿಗೆ ಇಟ್ಟ ಹಾಗೆ ಸಾಲುಸಾಲು ಚುಕ್ಕಿ! ಗುಲಾಬಿ, ಹಳದಿ, ನೀಲಿ, ಒಂದೇ ಅಳತೆಯ ಅಂತರ. ಮದುವೆ ಕಾರ್ಡು, ಕ್ಯಾಲೆಂಡರಿನಲ್ಲಿ ಇರುತ್ತವಲ್ಲ, ಅವೇ ಚುಕ್ಕಿಗಳು. ಬ್ಯಾಕ್ಸ್‌ಟರ್ ತೀರಿಕೊಂಡದ್ದು 1867ರಲ್ಲಿ. ಅವನ ಕಾಲದಲ್ಲಿ ಹೀಗೆ ಚುಕ್ಕಿಗಳಲ್ಲಿ ಬಣ್ಣ ಮೂಡಿಸುವ ಆಫ್‌ಸೆಟ್ ಮುದ್ರಣ ಎಲ್ಲಿತ್ತು? ಆ ಕಾಲದ ಕಲ್ಲಚ್ಚಿನ ಚಿತ್ರಗಳಲ್ಲೂ ಚುಕ್ಕಿ ಇರುತ್ತವೆ ನಿಜ, ಆದರೆ ಅವು ಕೈಯಲ್ಲಿ ಇಟ್ಟವು, ಅಡ್ಡಾದಿಡ್ಡಿ. ಬ್ಯಾಕ್ಸ್‌ಟರ್ ಚಿತ್ರದಲ್ಲಾದರೆ ಬಣ್ಣ ಒಂದರ ಮೇಲೊಂದು ಕೂತು ಅಂಚಿನಲ್ಲಿ ಕೂದಲೆಳೆಯಷ್ಟು ಆಚೀಚೆ ಸರಿದಿರುತ್ತದೆ. ಓರೆಯಾಗಿ ಹಿಡಿದರೆ ಎಣ್ಣೆ ಬಣ್ಣದ ಮಿನುಗು.

ಅನುಮಾನ ತೀರಲಿ ಅಂತ ನೋಟು ನೋಡುವ ಯುವಿ ಟಾರ್ಚ್ ಬಿಟ್ಟೆ. ಕತ್ತಲಲ್ಲಿ ಚಿತ್ರದ ಕಾಗದ ಸೋಪಿನ ಪುಡಿಯಲ್ಲಿ ಒಗೆದ ಬಿಳಿ ಅಂಗಿಯ ಹಾಗೆ ನೀಲಿಯಾಗಿ ಹೊಳೆಯಿತು. ಸೋಪಿನ ಪುಡಿಯಲ್ಲಿರುವಂಥ ಬಿಳುಪುಕಾರಕವನ್ನೇ ಕಾಗದಕ್ಕೂ ಬೆರೆಸುತ್ತಾರೆ. ಅದು ಶುರುವಾದದ್ದು ಸುಮಾರು 1950ರಿಂದ ಈಚೆಗೆ. ಪೆಟ್ಟಿಗೆಯ ರಟ್ಟು ಮಾತ್ರ ಮಂಕಾಗಿಯೇ ಇತ್ತು. ಹಳೆ ಪೆಟ್ಟಿಗೆಗೆ ಹೊಸ ಚಿತ್ರ ಅಂಟಿಸಿದ್ದರು.

ಫೋನ್ ಮಾಡಿದೆ. ‘ರಸೀದಿ ಓದಿ ಮೇಡಂ’ ಅಂದ. ಅದರಲ್ಲಿ ಬರೆದದ್ದು ‘ಹಳೆಯ ಪೆಟ್ಟಿಗೆ, ಚಿತ್ರ ಸಹಿತ’ ಅಂತ ಅಷ್ಟೇ. ಬ್ಯಾಕ್ಸ್‌ಟರ್ ಹೆಸರೇ ಇಲ್ಲ. ಹಾಗಾಗಿ ಬಾಯಲ್ಲಿ ಹೇಳಿದ ಹೆಸರು, ಕಾಲ ಎರಡನ್ನೂ ರಸೀದಿಯಲ್ಲಿ ಬರೆಸಿಕೊಳ್ಳಿ. ಬರೆಯಲು ಹಿಂದೆಮುಂದೆ ನೋಡಿದರೆ ಎದ್ದು ಬನ್ನಿ.

ಇನ್ನೊಂದು ಮಾತು. ಆ ಕಾಲದ್ದೇ ಚಿತ್ರವಾದರೂ ಬ್ಯಾಕ್ಸ್‌ಟರ್‌ದೇ ಆಗಬೇಕಿಲ್ಲ. ಅವನಿಂದ ಲೈಸೆನ್ಸ್ ಪಡೆದು ಲೆ ಬ್ಲಾಂಡ್, ಕ್ರೋನ್‌ಹೈಮ್ ಮುಂತಾದವರೂ ಅಚ್ಚು ಹಾಕಿದ್ದಾರೆ. ಅವನು ಸತ್ತ ಮೇಲೆ ಅವನ ತಗಡುಗಳನ್ನೇ ಕೊಂಡು ಲೆ ಬ್ಲಾಂಡ್ ಮತ್ತೆ ಅಚ್ಚು ಹಾಕಿದ್ದೂ ಇದೆ. ಅವು ನಕಲಿ ಅಲ್ಲ, ಚೆಂದವೂ ಇವೆ. ಬ್ಯಾಕ್ಸ್‌ಟರ್ ಬೆಲೆ ಕೊಡಬೇಡಿ ಅಷ್ಟೇ.

ದುಡ್ಡು ವಾಪಸ್ ಬರಲಿಲ್ಲ. ಪೆಟ್ಟಿಗೆಯಲ್ಲಿ ಈಗ ನನ್ನ ಬ್ಲೌಸಿನ ಹುಕ್ಕುಗಳಿವೆ.